ಕೇಬಲ್ ಸರಿಯಾಗಿಯೇ ಇತ್ತು

ಮಂಗಳವಾರ, ಊಟದ ಹೊತ್ತು

ಪ್ರೀತಿಯ ತಂತಿರಾಯನಿಗೆ,

ಹೇಗಿದ್ದೀಯಪ್ಪ? ಹೋದ ವಾರ ಜಾರಿ ಬಿದ್ದು ಮಂಡಿ ತರಚಿಕೊಂಡೆಯಂತೆ, ಸಾಮಾನು ಸಾಗಿಸುವ ಜೀಪಿನ ಡ್ರೈವರ್ ಹೇಳಿದ. ಗಾಯ ಒಣಗಿತೋ ಇಲ್ಲವೋ? ಅಷ್ಟು ಎತ್ತರದಲ್ಲಿ ಗಾಳಿಗೆ ಮೈಯೊಡ್ಡಿ ಕೆಲಸ ಮಾಡುವವನು, ಹೊಟ್ಟೆ ತುಂಬ ತಿನ್ನು. ಊರಿಗೆಲ್ಲ ಸಿಗ್ನಲ್ ಕೊಡುವ ಟವರ್ ಕಟ್ಟುವವನ ಫೋನಿಗೇ ಸಿಗ್ನಲ್ ಇಲ್ಲವೆಂದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಅದಕ್ಕೇ ಈ ಕಾಗದ. ಅದೇ ಡ್ರೈವರ್ ಕೈಯಲ್ಲಿ ಕಳಿಸುತ್ತೇನೆ. ನಾವು ಹೀಗೇ ಇದ್ದೇವೆ. ನೀನು ಹೋದಾಗಿನಿಂದ ನಿನ್ನ ಅಕ್ಕ ನನ್ನ ಜೊತೆ ಅಷ್ಟಕ್ಕಷ್ಟೆ. ಭಾವ ಇದ್ದಾರಲ್ಲ ಎಂಬ ಧೈರ್ಯದ ಮೇಲೆ ನಿನ್ನನ್ನು ನಮ್ಮ ಸಿನಿಮಾ ಸ್ಟುಡಿಯೋದ ಕೇಬಲ್ ಕೆಲಸಕ್ಕೆ ಕಳಿಸಿದವಳು ಅವಳು. ಅಲ್ಲಿ ನಿನಗೆ ಸಿಕ್ಕಿದ್ದು ಕಳ್ಳನೆಂಬ ಹೆಸರು. ಮುನಿಸಿಕೊಳ್ಳುವ ಹಕ್ಕು ಅವಳಿಗಿದೆ ಬಿಡು. ಆದರೆ ನನಗೂ ಸಾಕುಸಾಕಾಗಿದೆ ಮಾರಾಯ.

ಸುದ್ದಿ ಮೊದಲೇ ಹೇಳಿಬಿಡುತ್ತೇನೆ: ನೀನು ಎಳೆದ ಕೇಬಲಿನಲ್ಲಿ ಒಂದಿಷ್ಟೂ ದೋಷವಿರಲಿಲ್ಲ. ನಿನ್ನನ್ನು ಕಳಿಸಿದ ಮೇಲೆ ಸ್ಟುಡಿಯೋ ಯಜಮಾನರು ಬೇರೆಯವನನ್ನು ಕರೆಸಿ ಎಲ್ಲವನ್ನೂ ಕಿತ್ತು ಹೊಸದು ಎಳೆಸಿದರು, ಡಿಸ್ಕುಗಳನ್ನೂ ಬದಲಾಯಿಸಿದರು. ಏನು ಬಂತು? ಸಿನಿಮಾ ದೃಶ್ಯಗಳನ್ನೆಲ್ಲ ತುಂಬಿಟ್ಟಿರುವ ನಮ್ಮ ದೊಡ್ಡ ಸರ್ವರ್ ಹಾಗೇ ತೆವಳುತ್ತಿತ್ತು. ಎಡಿಟರಮ್ಮ ತನ್ನ ಕೋಣೆಯಲ್ಲಿ ಒಂದು ದೃಶ್ಯ ತೆರೆದರೆ ಅದು ಮುಗ್ಗರಿಸಿ ಮುಗ್ಗರಿಸಿ ಓಡುವುದು, ಅವರು ಕಿವಿಗೆ ಹಾಕಿಕೊಂಡದ್ದನ್ನು ಕಿತ್ತೆಸೆದು ಸರ್ವರ್ ನೋಡಿಕೊಳ್ಳುವ ನನ್ನ ಬಾಗಿಲಿಗೆ ಬರುವುದು. ಡಿಸ್ಕಿನವರು ಕೇಬಲ್ ಅನ್ನುವುದು, ಕೇಬಲಿನವನು ಡಿಸ್ಕ್ ಅನ್ನುವುದು. ಇಬ್ಬರ ನಡುವೆ ನಾನು ಓಡಾಡಿ ಚಪ್ಪಲಿ ಸವೆಸಿದ್ದೊಂದೇ ಲಾಭ.

ಕೊನೆಗೆ ಸಿಕ್ಕಿದ್ದು ಹೇಗೆ ಗೊತ್ತೇ? ಹಳೆಯ ಸಿನಿಮಾಗಳನ್ನು ಕುಗ್ಗಿಸಿ ಜಾಗ ಉಳಿಸುವ ಭಾರಿ ಕೆಲಸವೊಂದನ್ನು ಸರ್ವರಿನ ತಲೆಗೆ ಕಟ್ಟಿದ್ದೆ. ಮೊದಲೇ ನಿಧಾನ, ಇನ್ನು ಪೂರ್ತಿ ಮಲಗುತ್ತದೆ ಎಂದುಕೊಂಡು ಬೈಸಿಕೊಳ್ಳಲು ಸಿದ್ಧನಾಗಿ ಕೂತಿದ್ದೆ. ಎಡಿಟರಮ್ಮ ಬಂದವರೇ, "ಏನ್ ಮಾಡಿದ್ರಿ? ಬೆಣ್ಣೆ ಥರ ಓಡ್ತಿದೆಯಲ್ಲ!" ಎಂದರು. ಆ ಕೆಲಸ ಮುಗಿಯಿತು, ಮತ್ತೆ ತೆವಳಿಕೆ ಶುರು. ಹೊರೆ ಹೊರಿಸಿದರೆ ಓಡುತ್ತದೆ, ಇಳಿಸಿದರೆ ಕುಂಟುತ್ತದೆ, ಇದೆಂಥ ಮೊಂಡು ಯಂತ್ರ! ಕೂತು ಸೆಟ್ಟಿಂಗುಗಳನ್ನು ಒಂದೊಂದಾಗಿ ನೋಡಿದೆ. ಕರೆಂಟು ಉಳಿಸಲೆಂದು ಸರ್ವರಿನ ಮಿದುಳಾದ ಪ್ರೊಸೆಸರಿಗೆ, ಬಿಡುವು ಸಿಕ್ಕ ಕೂಡಲೇ ಗಾಢ ನಿದ್ದೆಗೆ ಜಾರುವಂತೆ ಹೇಳಿಟ್ಟಿತ್ತು. ಕಂಪನಿಯಿಂದ ಬರುವಾಗಲೇ ಹಾಗಿತ್ತು. ಡಿಸ್ಕ್ ಒಂದು ತುಣುಕು ಎತ್ತಿಕೊಟ್ಟರೆ ಏಳಬೇಕು, ಅದನ್ನು ಕೇಬಲಿಗೆ ಸಾಗಹಾಕಿ ಮತ್ತೆ ಮಲಗಬೇಕು, ಮುಂದಿನ ತುಣುಕಿಗೆ ಮತ್ತೆ ಏಳಬೇಕು. ಒಂದು ಸಲ ಏಳಲು ಹಿಡಿಯುವ ಹೊತ್ತು ಏನೂ ಅಲ್ಲ, ಆದರೆ ಒಂದೊಂದು ಸೆಕೆಂಡಿಗೂ ಸಾವಿರಾರು ಸಲ ಎದ್ದರೆ ಯಾರು ತಾನೇ ಕೆಲಸ ಮಾಡಿಯಾರು? ಗಾಢ ನಿದ್ದೆ ಬೇಡ, ತೂಕಡಿಸಿದರೆ ಸಾಕು ಎಂದು ಸೆಟ್ಟಿಂಗ್ ತಿದ್ದಿದೆ. ಅಂದಿನಿಂದ ಸರ್ವರ್ ಒಮ್ಮೆಯೂ ಮುಗ್ಗರಿಸಿಲ್ಲ.

ಆಗ ನಿನ್ನ ನೆನಪಾಯಿತು. ನೀನು ಬಂದಾಗಲೆಲ್ಲ ಮಾಡುತ್ತಿದ್ದುದೇನು? ಕೇಬಲ್ ಪರೀಕ್ಷಿಸುವ ನಿನ್ನ ಪ್ರೋಗ್ರಾಂ ಅದೇ ಸರ್ವರಿನಲ್ಲಿ ಓಡಿಸಿಟ್ಟು ಕೋಣೆಯಿಂದ ಕೋಣೆಗೆ ಹೋಗುತ್ತಿದ್ದೆ. ಅದು ಓಡುವಷ್ಟು ಹೊತ್ತು ಪ್ರೊಸೆಸರಿಗೆ ನಿದ್ದೆಯಿಲ್ಲ, ಎಲ್ಲವೂ ಸರಿ. ನೀನು ಅದನ್ನು ನಿಲ್ಲಿಸಿ ಚೀಲ ಹೆಗಲಿಗೇರಿಸಿದೆಯೋ, ಮತ್ತೆ ಹಳೇ ರಾಗ. ಅದನ್ನೇ ಹಿಡಿದುಕೊಂಡಲ್ಲವೇ ಯಜಮಾನರು ಎಲ್ಲರೆದುರು ಅಂದದ್ದು: "ಇವನು ಬಂದ್ರೆ ಸರಿಹೋಗತ್ತೆ, ಹೋದ್ರೆ ಕೆಡತ್ತೆ. ಹೋಗೋವಾಗ ಇವನೇ ಎಲ್ಲೋ ಸಡಿಲ ಮಾಡ್ತಾನೆ, ಮತ್ತೆ ಕರೀಲಿ, ದುಡ್ಡು ಕೊಡ್ಲಿ ಅಂತ. ಕಳ್ಳ!" ಅಷ್ಟಕ್ಕೇ ಬಿಡದೆ ಬೀದಿಯ ಉಳಿದ ಸ್ಟುಡಿಯೋಗಳಿಗೂ ಫೋನ್ ಮಾಡಿ ಇದನ್ನೇ ಹೇಳಿದರು, ನಿನಗೆ ಎಲ್ಲೂ ಕೆಲಸ ಹುಟ್ಟಲಿಲ್ಲ. ನಾನು ಹೋಗಿ ಎಲ್ಲವನ್ನೂ ಬಿಡಿಸಿ ಹೇಳಿದೆ. "ಸರಿಹೋಯ್ತಲ್ಲ, ಇನ್ಯಾಕೆ ಕೆದಕ್ತೀರಿ?" ಎಂದರು. ಕಾರಣ ಸಿಕ್ಕಿತೆಂದು ಸಂತೋಷಪಡಬೇಕಿತ್ತು; ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಮೈ ಕಡೆ ಜೋಪಾನ. ಜೊತೆಯವರಿಗೆಲ್ಲ ಕೇಳಿದೆನೆಂದು ಹೇಳು. ನೀನು ನೂರು ಕಾಲ ಚೆನ್ನಾಗಿರಬೇಕು, ತಲೆ ಎತ್ತಿಕೊಂಡೇ ಇರಬೇಕು.

ನಿನ್ನ
ಭಾವ

ಇನ್ನೊಂದು ಮಾತು: ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ, ಚುಟುಕಾಗಿ ಬರೆಯುತ್ತೇನೆ. ನಾನು ಸ್ಟುಡಿಯೋ ಬಿಟ್ಟೆ. ಫೋನ್ ಮಾಡಿ ಕೆಡಿಸಿದ ಹೆಸರನ್ನು ಫೋನ್ ಮಾಡಿಯೇ ಸರಿಮಾಡಿ ಎಂದು ಯಜಮಾನರಿಗೆ ಹೇಳಿದೆ, "ನನ್ನ ಮರ್ಯಾದೆ ಏನಾಗ್ಬೇಕ್ರೀ?" ಎಂದರು. ಬೀಗದ ಕೈ ಮೇಜಿನ ಮೇಲಿಟ್ಟು ಬಂದೆ. ನಿನ್ನ ಅಕ್ಕನಿಗೆ ಗೊತ್ತಿಲ್ಲ, ದಿನಾ ಡಬ್ಬಿ ಕಟ್ಟಿ ಕಳಿಸುತ್ತಾಳೆ. ಬಾಯಿ ಬಿಟ್ಟೀಯೆ, ಜೋಕೆ! ಆ ಡಬ್ಬಿ ಹಿಡಿದುಕೊಂಡೇ ಬೀದಿಯ ಸ್ಟುಡಿಯೋಗಳಿಗೆ ಹೋಗಿ, ಅವರವರ ಸರ್ವರಿನಲ್ಲೇ ಆ ಸೆಟ್ಟಿಂಗ್ ಹಾಕಿ, ತೆಗೆದು, ತೋರಿಸಿಬರುತ್ತಿದ್ದೇನೆ. ಇಬ್ಬರು ನಂಬಿದರು. ಮೂರನೆಯವರು, "ನೀವು ಅವನ ಭಾವ, ಹೇಳೇ ಹೇಳ್ತೀರಿ. ಕಳ್ಳ ಅಲ್ಲದಿದ್ರೆ ಅವನೇ ಬಂದು ತೋರಿಸ್ಲಿ" ಎಂದರು. ಜೀಪು ವಾಪಸ್ ಹೊರಡುವಾಗ ಅದರಲ್ಲೇ ಹತ್ತಿ ಬಾ. ನೀನು ತೋರಿಸುವಾಗ ನಾನು ಬಾಯಿ ತೆರೆಯುವುದಿಲ್ಲ, ಸುಮ್ಮನೆ ಪಕ್ಕದಲ್ಲಿ ನಿಂತಿರುತ್ತೇನೆ.