ಡಬ್ಬಿಯಲ್ಲಿ ಉಳಿದ ಪತ್ರೊಡೆ

ಲತೇಶಾ,

ಕಣ್ಣು ತೋರಿಸಲು ನಾಯ್ಮಾರ್ಮೂಲೆಗೆ ಹೋಗುತ್ತಿದ್ದೇನೆ. ನಾಲ್ಕು ಗಂಟೆಗೆ ಉಜ್ವಲಾಳ ಶಾಲೆಯ ವ್ಯಾನ್ ಬರುತ್ತದೆ, ಗೇಟಿನ ಹತ್ತಿರ ನಿಲ್ಲು.

ಅವಳಿಗೆ ಬ್ರೆಡ್ ತಂದರೆ ಜಾಗ್ರತೆ! ಮೊನ್ನೆಯವರೆಗೆ ನನ್ನ ಪತ್ರೊಡೆಯನ್ನು ಕೇಳಿ ಕೇಳಿ ತಿನ್ನುತ್ತಿದ್ದ ಮಗು ಈಗ ಮೂಗು ಮುಚ್ಚುತ್ತದೆ. ಎಂತಕ್ಕೆ? ಪಕ್ಕದಲ್ಲಿ ಕೂರುವ ಹುಡುಗಿ "ಎಲೆ ತಿನ್ನುವುದು ಆಡು" ಅಂದಳಂತೆ, ಇಡೀ ಬೆಂಚು "ಮೇ ಮೇ" ಅಂತ ಕೂಗಿತಂತೆ. ಯುಕೆಜಿ ಮಕ್ಕಳು ಹೇಳಿದ್ದೇ ವೇದವಾಕ್ಯ. ಅಜ್ಜಿ ಅಕ್ಕಿ ಅರೆದು, ಒಂದೊಂದೇ ಕೆಸುವಿನ ಎಲೆಗೆ ಹಚ್ಚಿ ಬೇಯಿಸಿದ್ದಕ್ಕೆ ಬೆಲೆಯೇ ಇಲ್ಲ!

ಸಂಜೆ ಮಗಳಿಗೆ ಬುದ್ಧಿ ಹೇಳುತ್ತೇನೆ ಅಂದೆಯಲ್ಲ, ಹೇಳು. ಅದಕ್ಕೆ ಮೊದಲು ನಿನ್ನ ಬ್ಯಾಗಿನಲ್ಲಿದ್ದ ನಿನ್ನೆಯ ಡಬ್ಬಿಯನ್ನು ತೊಳೆ, ಸಿಂಕಿನಲ್ಲಿ ಇಟ್ಟಿದ್ದೇನೆ. ಪತ್ರೊಡೆ ಹಾಕಿದ ಹಾಗೆಯೇ ಉಂಟು.

ನಿನ್ನ ಆಫೀಸಿನಲ್ಲಿಯೂ "ಮೇ ಮೇ" ಅನ್ನುತ್ತಾರಾ ಮಾರಾಯ?

ಅಮ್ಮ