ಹದಿನಾಲ್ಕನೇ ಪುಟದ ಸಾಲು

ಜುಲೈ 7, ಸೋಮವಾರ

ಹೈಸ್ಕೂಲಿನ ಪರ್ಯಾಯ ಶಕ್ತಿ ಕೈಪಿಡಿ. ನಾನು ಬರೆದ ಸೋಲಾರ್ ಅಧ್ಯಾಯ ಟ್ರಯಲ್‌ಗೆ ಹೋಯಿತು. ಜಿಲ್ಲೆಯ ಹನ್ನೊಂದು ಶಾಲೆಗಳು, ನಮ್ಮದೂ ಸೇರಿ. ಒಂಬತ್ತನೇ ತರಗತಿಗೆ ಹಂಚಿದೆ. ಆ ತರಗತಿಯ ಮೇಘನ ಊಟದ ಬಿಡುವಿನಲ್ಲೇ ಓದಿ ಮುಗಿಸಿದ್ದಳು. ಮನೆಯ ಪವರ್‌ಲೂಮ್ ಓಡಿಸಲು ಎಷ್ಟು ಪ್ಯಾನೆಲ್ ಬೇಕೆಂದು ತಾನೇ ಲೆಕ್ಕ ಹಾಕಿ ತಂದಳು. ಸರಿಯಾಗಿತ್ತು.

ಜುಲೈ 10

ಮೇಘನ ಬಂದಿಲ್ಲ. ಮಧ್ಯಾಹ್ನ ತಿಳಿಯಿತು... ನಿನ್ನೆ ಸಂಜೆ ಮನೆಯ ಹಳೆಯ ಯುಪಿಎಸ್ ಬ್ಯಾಟರಿ ಬಿಚ್ಚಲು ಹೋಗಿದ್ದಾಳೆ. ಆಸಿಡ್ ಸಿಡಿದಿದೆ. ಎಡಗಣ್ಣಿಗೆ. ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದ್ದಾರೆ.

ಕೈಪಿಡಿ ತೆಗೆದೆ. ಪುಟ ಹದಿನಾಲ್ಕು: "ಮನೆಯಲ್ಲಿ ಹಳೆಯ ಬ್ಯಾಟರಿ ಇದ್ದರೆ ಬಿಚ್ಚಿ, ಒಳಭಾಗವನ್ನು ಗಮನಿಸಿ." ಬರೆಯುವಾಗ ತಲೆಯಲ್ಲಿದ್ದದ್ದು ಟಾರ್ಚಿನ ಸೆಲ್. ಹಾಗೆಂದು ಬರೆಯಲಿಲ್ಲ.

ಜುಲೈ 11

ಕೈಪಿಡಿ ಸಮಿತಿಯ ಮುಖ್ಯಸ್ಥ ರವಿಶಂಕರ್ ಸರ್‌ಗೆ ಫೋನ್ ಮಾಡಿದೆ. ಮುಂದಿನ ಮುದ್ರಣದಲ್ಲಿ ಸಾಲು ತೆಗೆದರಾಯಿತು, ಈಗ ಯಾರಿಗೂ ಹೇಳಬೇಡಿ ಎಂದರು. "ಎರಡು ವರ್ಷದ ಕೆಲ್ಸ ಮೇಡಂ. ಎಲ್ಲಾ ನಿಂತ್ಹೋಗುತ್ತೆ."

ಹೂಂ ಎಂದುಬಿಟ್ಟೆ. ಉಳಿದ ಹತ್ತು ಶಾಲೆಗಳಲ್ಲೂ ಅದೇ ಪುಟವಿದೆ.

ಜುಲೈ 14

ಆಸ್ಪತ್ರೆಗೆ ಹೋಗಿದ್ದೆ. ಕಣ್ಣಿಗೆ ಬ್ಯಾಂಡೇಜ್. ತಾಯಿ ವರಲಕ್ಷ್ಮಮ್ಮ ಮಗಳನ್ನೇ ಬೈಯುತ್ತಿದ್ದರು, ಹೇಳದೆ ಕೇಳದೆ ಬ್ಯಾಟರಿಗೆ ಕೈ ಹಾಕಿದಳೆಂದು. ತಡೆಯಲಾಗಲಿಲ್ಲ. ಪುಸ್ತಕದಲ್ಲಿ ಹಾಗೆ ಬರೆದವಳು ನಾನು, ತಪ್ಪು ನನ್ನದು ಎಂದೆ.

ಆಕೆ ಮಗಳ ಹೊದಿಕೆ ಸರಿಪಡಿಸಿದರು. ಆಮೇಲೆ, "ಉರಿ ಉರಿ ಅಂತ ಓಡ್ಬಂದ್ಲು ಮಿಸ್. ಮೊದ್ಲು ಹೊಡ್ದೆ. ಆಮೇಲೆ ನೀರು ಹಾಕ್ದೆ."

ಮೇಘನ ಮೆಲ್ಲಗೆ ಅಂದಳು: "ಪುಸ್ತಕದಲ್ಲಿ ಇತ್ತಲ್ಲ ಮಿಸ್. ಅದಕ್ಕೇ ಏನೂ ಆಗಲ್ಲ ಅನ್ಕೊಂಡೆ."

ವಾಪಸ್ ಬರುವಾಗ ಬಸ್ಸಿನಲ್ಲೇ ಹತ್ತೂ ಶಾಲೆಗಳಿಗೆ ವಾಟ್ಸಾಪ್ ಮಾಡಿದೆ. ನಡೆದದ್ದೆಲ್ಲ ಬರೆದೆ. ನನ್ನ ಹೆಸರು ಹಾಕಿಯೇ.

ಜುಲೈ 16

ಸಮಿತಿಯಿಂದ ನನ್ನನ್ನು ಕೈಬಿಟ್ಟಿದ್ದಾರೆ. ಕೈಪಿಡಿಯನ್ನೂ ಸದ್ಯಕ್ಕೆ ನಿಲ್ಲಿಸಿದ್ದಾರೆ. ರವಿಶಂಕರ್ ಸರ್ ಫೋನ್ ಎತ್ತುತ್ತಿಲ್ಲ.

ಅನುಗೊಂಡನಹಳ್ಳಿ ಕಡೆಯ ಮೇಷ್ಟ್ರೊಬ್ಬರು ಮಾತ್ರ ಫೋನ್ ಮಾಡಿದರು. ಅವರ ಮಕ್ಕಳು ಮೂರು ಬ್ಯಾಟರಿ ತಂದಿಟ್ಟಿದ್ದರಂತೆ — ಇನ್ನೂ ಬಿಚ್ಚಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರೆದುರೇ ಅತ್ತುಬಿಟ್ಟೆ.

ಜುಲೈ 28

ಬ್ಯಾಂಡೇಜ್ ತೆಗೆದರು. ಪೂರ್ತಿ ದೃಷ್ಟಿ ಬರುವುದು ಕಷ್ಟ ಎಂದು ಮೊದಲೇ ಹೇಳಿದ್ದರು. ಡಾಕ್ಟರ್ ಬಲಗಣ್ಣು ಮುಚ್ಚಿಸಿ ಬೋರ್ಡ್ ಓದಿಸಿದರು. ಮೇಲಿನ ದೊಡ್ಡ ಅಕ್ಷರ ಹೇಳಿದಳು. ಎರಡನೇ ಸಾಲೂ ಹೇಳಿದಳು. ಮೂರನೆಯದಕ್ಕೆ ನಿಂತಳು.

ವರಲಕ್ಷ್ಮಮ್ಮ ನನ್ನ ಮೊಣಕೈ ಹಿಡಿದರು.

"ಕಾಣ್ತಿಲ್ಲ ಅಂದ್ರೆ ಕಾಣ್ತಿಲ್ಲ ಅನ್ನು, ಮೇಘನ," ಎಂದೆ. "ಊಹೆ ಮಾಡ್ಬೇಡ."

ಅವಳು ಕತ್ತು ಮುಂದೆ ಚಾಚಿದಳು. ತುಟಿ ಅಲುಗಿತು. "ಮೂರನೇದು ಕಾಣ್ತಿಲ್ಲ ಮಿಸ್," ಎಂದಳು.