ಸೋಸಿದ ಬಟ್ಟೆಯ ನೀರು

॥ ಜಯ ಜಿನೇಂದ್ರ ॥

ಬಸದಿ ಓಣಿ, ಕಾಗವಾಡ
ಶುಕ್ರವಾರ, ೧೨ ಆಗಸ್ಟ್ ೨೦೦೫

ಚಿರಂಜೀವಿ ಭೀಮಗೊಂಡನಿಗೆ ನಿನ್ನ ಅವ್ವನ ಆಶೀರ್ವಾದ.

ಮೈಯಲ್ಲಿ ಹೇಗಿದ್ದೀ? ಯುಗಾದಿಗೆ ಬಂದಾಗ ಹತ್ತಿದ್ದ ಕೆಮ್ಮು ಹೋಯಿತೋ ಇಲ್ಲವೋ? ನೀರು ಶುದ್ಧ ಮಾಡುವ ನಿನ್ನ ಕಾರಖಾನೆಯಲ್ಲಿ ಕ್ಲೋರಿನ್ ಸಿಲಿಂಡರುಗಳ ಆ ಕೋಣೆಗೆ ಕಾಲಿಡುವಾಗ ಮುಖವಾಡ ಹಾಕಿಕೊಳ್ಳುತ್ತೀಯೋ, ಜೊತೆಯ ಹುಡುಗರೆದುರು ಧೈರ್ಯ ತೋರಿಸಲು ಹಾಗೇ ನುಗ್ಗುತ್ತೀಯೋ? ಸಂಜೆಯ ಪಾಳಿ ಇದ್ದ ದಿನ ಹೊತ್ತು ಮುಳುಗುವ ಮೊದಲು ಊಟ ಹೇಗೆ ಮಾಡುತ್ತೀ? ಮೆಸ್ಸಿನವರು ಎಲ್ಲದಕ್ಕೂ ಬಟಾಟೆ ಹಾಕುತ್ತಾರೆಂದು ನನಗೆ ಗೊತ್ತು. ಹೋಳು ಬದಿಗೆ ಸರಿಸಿ ಉಣ್ಣುವ ಜಾಣತನ ಬೇಡ, ಆ ಪಲ್ಯವನ್ನೇ ಮುಟ್ಟಬೇಡ. ಕಂಡಕ್ಟರ್ ಗುರಪ್ಪನ ಕೈಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಳಿಸಿದ್ದೇನೆ. ಆ ಗಂಟನ್ನು ಆಮೇಲೆ ಬಿಚ್ಚು. ಮೊದಲು ಮಂಜುಗಡ್ಡೆ ತುಂಬಿದ ಬರ್ಫಿನ ಡಬ್ಬಿ ಬಿಚ್ಚು. ಯಾಕೆಂದು ಮುಂದೆ ಬರೆಯುತ್ತೇನೆ.

ನಾವೆಲ್ಲ ಕ್ಷೇಮ ಎಂದು ಬರೆಯಬೇಕಾದ ಜಾಗ ಇದು. ಈ ಸಲ ಬರೆಯಲಾರೆ. ನಿನ್ನ ವೈನಿ ಕಾಂಚನ ಅಥಣಿಯಲ್ಲಿ ದವಾಖಾನೆಯಲ್ಲಿದ್ದಾಳೆ. ಬುಧವಾರ ಬೆಳಿಗ್ಗೆ ವಾಂತಿಭೇದಿ ಶುರುವಾಯಿತು, ಮಧ್ಯಾಹ್ನಕ್ಕೆ ಅವಳ ಕಣ್ಣು ಗುಳಿಬಿದ್ದು ತುಟಿ ಒಣಗಿ ಬಿಳಿಚಿಕೊಂಡಿತು. ಹೊಟ್ಟೆಯಲ್ಲಿ ಏಳು ತಿಂಗಳ ಕೂಸು. ಮಿರಜಿನ ರಸ್ತೆ ನೀರಿನ ಕೆಳಗಿರುವುದರಿಂದ ನಿನ್ನ ಅಣ್ಣ ಜೀಪು ಮಾಡಿಕೊಂಡು ಅಥಣಿಗೆ ಒಯ್ದ. ಸಲಾಯಿನ್ ಏರಿಸಿದ್ದಾರೆ. ಗಾಬರಿಯಾಗಬೇಡ ಎಂದು ಬರೆದು ನಿನ್ನನ್ನು ಸಮಾಧಾನ ಮಾಡುವವಳಲ್ಲ ನಾನು. ಗಾಬರಿಯಾಗುವಂಥ ಸಂಗತಿಯೇ. ಓಣಿಯಲ್ಲಿ ಇನ್ನೂ ಕೆಲವು ಮನೆಗಳಲ್ಲಿ ಇದೇ ಬೇನೆ ಬಿದ್ದಿದೆ, ಪಕ್ಕದ ಮನೆಯ ತುಳಸವ್ವ ನಿನ್ನೆಯಿಂದ ಹಾಸಿಗೆ ಬಿಟ್ಟು ಎದ್ದಿಲ್ಲ. ಫೋನಿನ ತಂತಿ ಹರಿದುಬಿದ್ದಿದೆ. ಅದು ನೆಟ್ಟಗಿದ್ದರೂ ಈ ಮಾತು ಫೋನಿನಲ್ಲಿ ಆಡುವಂಥದ್ದಲ್ಲ. ನೀನು ಹೂಂ ಅವ್ವಾ, ಹೂಂ ಅವ್ವಾ ಎಂದು ಇಟ್ಟುಬಿಡುತ್ತೀ. ಪತ್ರವನ್ನಾದರೆ ಕೊನೆಯತನಕ ಓದಬೇಕಾಗುತ್ತದೆ.

ಹೊಳೆಯ ಸುದ್ದಿ ಪೇಪರಿನಲ್ಲಿ ಓದಿರುತ್ತೀ. ದಂಡೆಯ ಪಂಪ್‌ಮನೆ ಮುಳುಗಿ ನಮ್ಮ ನಳಗಳೆಲ್ಲ ನಿಂತವು. ದಂಡೆಯ ಹಳ್ಳಿಗಳ ಮಂದಿ ಹಾಸಿಗೆ, ಎಮ್ಮೆ, ಮುದುಕರ ಸಮೇತ ಬಂದು ಶಾಲೆಯಲ್ಲಿ ಇಳಿದರು. ನಮ್ಮ ಓಣಿ ಎತ್ತರದಲ್ಲಿದೆ, ನಮ್ಮ ಬಾವಿಯನ್ನು ಹೊಳೆ ಮುಟ್ಟಲಿಲ್ಲ. ಬಾವಿಯ ಬಾಯಿಗಿರುವ ಕಬ್ಬಿಣದ ಜಾಳಿಗೆಯ ಕೀಲಿ ತೆಗೆದು ಯಾರು ಬಂದರೂ ಸೇದಿಕೊಳ್ಳಲಿ ಎಂದೆ. ಕೇಳಿ ಬಂದವರಿಗೆ ಇಲ್ಲ ಎಂದ ಬಾವಿ ಅಲ್ಲ ಇದು. ಆದರೆ ಹೊಳೆ ತುಂಬಿದ್ದು ಮೇಲಿನ ಸೀಮೆಯ ಮಳೆಗೆ. ನಮ್ಮಲ್ಲಿ ಆ ಮಳೆಯೇ ಇಲ್ಲ, ಸೆಲೆ ಬೇಸಿಗೆಯಲ್ಲಿದ್ದಷ್ಟೇ ಇದೆ. ತಳದ ರಾಡಿ ಕಾಣತೊಡಗಿದ ಮೇಲೆ ಮತ್ತೆ ಕೀಲಿ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅಷ್ಟರಲ್ಲಿ ಪಂಚಾಯತಿಯವರು ಟ್ಯಾಂಕರು ಬಿಟ್ಟರು. ಬಸದಿಯ ಅಭಿಷೇಕಕ್ಕೆ, ಕುಡಿಯಲಿಕ್ಕೆ, ಅಡಿಗೆಗೆ ಬಾವಿಯ ನೀರು. ಸ್ನಾನಕ್ಕೆ, ಮುಸುರೆಗೆ, ಬಟ್ಟೆಗೆ ಟ್ಯಾಂಕರಿನದು ಎಂದು ನಾನೇ ಓಣಿಗೆಲ್ಲ ಕಟ್ಟು ಮಾಡಿದೆ. ಕಾಂಚನ ಟ್ಯಾಂಕರಿನ ಒಂದು ಹನಿ ಬಾಯಿಗೆ ಹಾಕಿಲ್ಲ. ಇದನ್ನು ನೆನಪಿನಲ್ಲಿಡು.

ಟ್ಯಾಂಕರಿನ ನೀರು ಹೊಳೆಯದೇ. ಬಣ್ಣ ಚಹಾದಂತೆ, ವಾಸನೆ ಕೊಳೆತ ಕಬ್ಬಿನ ಸೋಗೆ ರವದಿಯಂತೆ. ಮೈ ತೊಳೆಯುವ ನೀರಾದರೇನು, ನಮ್ಮ ಮನೆಗಳಲ್ಲಿ ಸೋಸದೆ ಬಳಸುವುದುಂಟೇ? ಎರಡು ಮಡಿಕೆಯ ಬಟ್ಟೆ ಕಟ್ಟಿ ಸೋಸಿದೆವು. ಸೋಸಿದ ಮೇಲೆ ಬಟ್ಟೆಯನ್ನು ಜಾಲಿಸಿ, ಅದರಲ್ಲಿ ನಿಂತ ಜೀವಗಳನ್ನು ನೀರು ತಂದಲ್ಲಿಗೇ ತಿರುಗಿ ಬಿಡಬೇಕಲ್ಲ. ನಳದ ನೀರು ಬಂದಾಗಲೇ ಈ ಪೇಚಿತ್ತು, ಹೊಳೆಗೆ ಹೋಗುವವರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೆವು. ಈಗ ಹೊಳೆಯ ಹತ್ತಿರ ಹೋಗುವವರಾರು? ಟ್ಯಾಂಕರಿನವನು ನೀರು ಸುರುವಿ ಹೊಗೆ ಬಿಟ್ಟು ಹೋಗಿಬಿಡುತ್ತಾನೆ. ಓಣಿಯ ಹೆಣ್ಣುಮಕ್ಕಳು ಚರಿಗೆ ಹಿಡಿದು ಬಂದು ನಿಂತರು. ‘ಆಯಿ, ಇದನ್ನ ಎಲ್ಲಿ ಬಿಡೂಣ್ರಿ? ಗಟಾರಕ್ಕ ಚೆಲ್ಲಿದ್ರ ಒಣಗಿ ಸಾಯ್ತಾವು.’ ನಾನು ಹೇಳಿದೆ, ನೀರಿನ ಜೀವ ನೀರಿಗೇ ಹೋಗಲಿ, ನಮ್ಮ ಬಾವಿಗೆ ಬಿಡಿ ಎಂದು. ತಳಕ್ಕೆ ಕೊಂಡಿ ಇರುವ ಆ ಚಿಕ್ಕ ತಂಬಿಗೆ ನಿನಗೆ ಗೊತ್ತಲ್ಲ, ಅದನ್ನು ನೀರಿನ ಮಟ್ಟದತನಕ ಇಳಿಸಿ, ಎತ್ತರದಿಂದ ಬಿದ್ದು ಪೆಟ್ಟಾಗದಂತೆ ಮೆಲ್ಲಗೆ ಬೋರಲು ಮಾಡುತ್ತಿದ್ದೆವು. ದಿನಾ ಬೆಳಿಗ್ಗೆ ಇಡೀ ಓಣಿಯ ಬಟ್ಟೆಗಳದ್ದೂ ನನ್ನ ಕಣ್ಣೆದುರೇ ಇಳಿಯಬೇಕು ಎಂದಿದ್ದೆ.

ಈ ಪ್ರಶ್ನೆಯನ್ನು ನಾನು ನಿನಗೂ ಕೇಳಿದ್ದೆ. ಯುಗಾದಿಯ ದಿನ ನೀನು ಗಾಜಿನ ಲೋಟಗಳಲ್ಲಿ ರಾಡಿ ನೀರು ತುಂಬಿ, ರಾಡಿ ಕೂರಿಸುವ ತುರಟಿಯನ್ನು ಒಂದೊಂದಕ್ಕೆ ಒಂದೊಂದು ಅಳತೆ ಹಾಕಿ, ಕಲಕಿ, ಯಾವುದು ಮೊದಲು ತಿಳಿಯಾಗುತ್ತದೆ ನೋಡ್ರಿ ಎಂದು ಮನೆಮಂದಿಯನ್ನೆಲ್ಲ ಕೂರಿಸಿದ್ದೆ. ನಾನು ಜೋಳ ಹಸನು ಮಾಡುತ್ತ ಕೂತಿದ್ದೆ, ನೋಡಲಿಲ್ಲ ಎಂದುಕೊಂಡಿದ್ದೀ. ನೋಡಿದ್ದೇನೆ. ಮೂರನೆಯ ಲೋಟ ಮೊದಲು ತಿಳಿಯಾಯಿತು. ಆಮೇಲೆ ನೀನು ಕ್ಲೋರಿನ್ನಿನ ಮಾತು ತೆಗೆದೆ, ನಾನು ಸಿಟ್ಟಾದೆ. ನಮ್ಮ ಮನೆಯ ಹುಡುಗ ಪಗಾರಕ್ಕಾಗಿ ಜೀವ ಕೊಲ್ಲುವ ವಿದ್ಯೆ ಕಲಿಯಬಾರದು ಎಂದೆ. ನೀನು ನಕ್ಕು, ‘ಅವ್ವಾ, ನೀನೂ ನೀರ ಸೋಸ್ತಿ, ನಾನೂ ಸೋಸ್ತೇನಿ. ನಿಂದು ಅರಿವಿ, ನಂದು ಉಸುಕು. ಅಷ್ಟ ಫರಕ’ ಎಂದೆ. ‘ಸೋಸಿದ್ದನ್ನ ತಿರುಗಿ ಎಲ್ಲಿ ಬಿಡ್ತಿ, ಅದನ್ನ ಹೇಳ’ ಎಂದೆ ನಾನು. ಅಂದಿನಿಂದ ಈ ಮಾತನ್ನು ಬಂದವರಿಗೆಲ್ಲ ಹೇಳಿದ್ದೇನೆ, ಬೆಳಗಾವಿಯ ದೊಡ್ಡ ಕಾರಖಾನೆಯಲ್ಲಿ ಕಲಿಯುವವನಿಗೂ ಉತ್ತರ ಬರಲಿಲ್ಲ ಎಂದು.

ನಿನ್ನೆ ನರ್ಸ್ ದಾನೇಶ್ವರಿ ಬಂದಳು. ಹಿಂದೆ ಪಂಚಾಯತಿಯ ನೀರುಗಂಟಿ ಸತ್ಯಪ್ಪ, ತಲೆಯ ಮೇಲೆ ಬ್ಲೀಚಿಂಗ್ ಪುಡಿಯ ಚೀಲ. ಬಾವಿಗೆ ಹಾಕಬೇಕು, ಕೀಲಿ ಕೊಡಿ ಎಂದಳು. ಸಾಧ್ಯವಿಲ್ಲ ಎಂದೆ. ಆ ಬಾವಿಯಲ್ಲಿ ಮೀನಿವೆ. ನೀನು ರೊಟ್ಟಿಚೂರು ಹಾಕಿ ಬೆಳೆಸಿದ ಆಮೆ ಇದೆ. ಕಣ್ಣಿಗೆ ಕಾಣದವು ಎಷ್ಟಿವೆಯೋ. ಮೇಲಾಗಿ ಅಭಿಷೇಕದ ನೀರು ಅದು. ‘ಈ ಬಾವಿ ನಮ್ಮ ಮಾವನವರ ಕಾಲದಿಂದ ಯಾರನ್ನೂ ಹಾಸಿಗಿ ಹಿಡಿಸಿಲ್ಲ, ತಿಳೀತೇನ ಬೇ’ ಎಂದೆ. ಅವಳು ಹೆದರುವ ಹುಡುಗಿಯಲ್ಲ. ‘ಹಂಗಾರ ಒಂದ ಮಾತ ಹೇಳ್ರಿ ಆಯಿ. ಸಾಲ್ಯಾಗಿನ ಮಂದಿ ಟ್ಯಾಂಕರ್ ನೀರ ಕುಡ್ಯಾಕತ್ತಾರ. ಅದಕ್ಕ ನಾವು ಪುಡಿ ಹಾಕೇವಿ. ಅಲ್ಲಿ ಒಬ್ಬರಿಗೂ ಏನೂ ಆಗಿಲ್ಲ. ಬ್ಯಾನಿ ಬಿದ್ದದ್ದು ನಿಮ್ಮ ಬಾವಿ ನೀರ ಕುಡದವ್ರಿಗೆ ಅಷ್ಟ. ಯಾಕ್ರಿ?’ ನಡುವೆ ಸತ್ಯಪ್ಪ, ‘ಆಯಿ, ಚೀಲ ಇಳಸ್ಲ್ಯೋ, ಹೊತಗೊಂಡ ನಿಂದರ್ಲ್ಯೋ, ಅದನ್ನರ ಹೇಳ್ರಿ. ತಲಿ ಸುಣ್ಣದ ಭಟ್ಟಿ ಆಗೇತಿ’ ಎಂದದ್ದಕ್ಕೆ ನಾಲ್ಕು ಮಂದಿ ನಕ್ಕರು. ನಾನು ನಗಲಿಲ್ಲ.

ಆಗ ನಾನು ಆಡಿದ ಮಾತನ್ನು ನಿನಗೆ ಬೇರೆಯವರು ಬಣ್ಣ ಕಟ್ಟಿ ಹೇಳುವ ಮೊದಲು ನಾನೇ ಬರೆಯುತ್ತೇನೆ. ‘ನನ್ನ ಮಗ ಇದನ್ನ ಕಲ್ಯಾಕ ಹೋಗ್ಯಾನ. ಅವಾ ನೀರ ನೋಡಿ ಹಾಕ್ರಿ ಅಂದ್ರ, ನಾನ ಕೀಲಿ ತಗೀತೇನಿ. ಬ್ಯಾರೆ ಯಾರ ಮಾತೂ ನನಗ ಬ್ಯಾಡ’ ಎಂದೆ. ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೋಡಿಕೊಳ್ಳಲಿ. ನನ್ನ ಮಗನನ್ನು ಬೈಯುವ ಹಕ್ಕು ನನ್ನದು, ನಂಬುವ ಹಕ್ಕೂ ನನ್ನದೇ. ದಾನೇಶ್ವರಿ ಭಾನುವಾರದತನಕ ಕಾಯುತ್ತೇನೆ ಎಂದಿದ್ದಾಳೆ. ಆಮೇಲೆ ಪೊಲೀಸರನ್ನು ಕರೆತರುತ್ತಾಳಂತೆ. ನಮ್ಮ ಅಂಗಳಕ್ಕೆ ಪೊಲೀಸರು ಬಂದರೆ ಈ ಮನೆ ಇದ್ದೂ ಇಲ್ಲದಂತೆ.

ಆದ್ದರಿಂದ ಡಬ್ಬಿಯಲ್ಲಿ ಎರಡು ಬಾಟಲಿ ಇಟ್ಟಿದ್ದೇನೆ. ಬಿಳಿ ದಾರದ್ದು ಬಾವಿಯ ನೀರು, ಕೆಂಪು ದಾರದ್ದು ಟ್ಯಾಂಕರಿನದು. ಪರೀಕ್ಷೆಯ ನೀರು ಹೇಗೆ ತುಂಬಬೇಕೆಂದು ನೀನು ನಿನ್ನ ಅಣ್ಣನಿಗೆ ವಿವರಿಸುತ್ತಿದ್ದಾಗ ಕೇಳಿಸಿಕೊಂಡಿದ್ದೆ. ನಾನೂ ಹತ್ತನೆಯ ಇಯತ್ತೆ ಕಲಿತವಳು, ಒಮ್ಮೆ ಕೇಳಿದ್ದು ಮರೆಯುವುದಿಲ್ಲ. ಬಾಟಲಿ, ಮುಚ್ಚಳ ಕುದಿಸಿದ್ದೇನೆ. ಬಾಯಿಗೆ ಬೆರಳು ತಾಗಿಸಿಲ್ಲ. ಮೇಲೆ ಸ್ವಲ್ಪ ಜಾಗ ಬಿಟ್ಟಿದ್ದೇನೆ. ಸೋಸಿದರೆ ಪರೀಕ್ಷೆ ಕೆಡುತ್ತದೆ ಎಂದಿದ್ದೆಯಲ್ಲ, ಸೋಸದೇ ತುಂಬಿದೆ. ಸೋಸದ ನೀರನ್ನು ಒಂದು ಪಾತ್ರೆಗೆ ತುಂಬಿ ಮುಚ್ಚಳ ಹಾಕಿದ್ದು ನನ್ನ ಆಯುಷ್ಯದಲ್ಲಿ ಇದೇ ಮೊದಲು. ಬೆಳಗಾವಿಯ ದಾರಿಯ ಸೇತುವೆಯ ಮೇಲಿನ ನೀರು ಇಳಿದು ಬಸ್ಸು ಬಿಟ್ಟಿದ್ದಾರೆ. ಅಥಣಿಯಲ್ಲಿ ಹೊಸ ಬರ್ಫು ತುಂಬಿಸು ಎಂದು ಗುರಪ್ಪನಿಗೆ ತಾಕೀತು ಮಾಡಿದ್ದೇನೆ. ಇದ್ದದ್ದನ್ನು ಇದ್ದಂತೆ ಬರೆ. ಅವ್ವನಿಗೆ ಬೇಸರವಾಗುತ್ತದೆಂದು ಒಂದಕ್ಷರ ಮೆತ್ತಗೆ ಮಾಡಬೇಡ.

ಇನ್ನೊಂದು ಮಾತು. ಇದು ಮುಗಿದ ಮೇಲೆ ಅಲ್ಲಿಯ ಕಲಿಕೆಯನ್ನು ಬಿಟ್ಟು ಬಂದುಬಿಡು. ಅಕ್ಟೋಬರಿನಲ್ಲಿ ದ್ರಾಕ್ಷಿಯ ಬಳ್ಳಿ ಸವರುವ ಛಾಟಣಿ ಇದೆ. ನಿನ್ನ ಅಣ್ಣ ಹೆಂಡತಿಯ ಹಾಸಿಗೆ ಕಾಯುತ್ತ ತೋಟ ನೋಡಲಾರ. ಗಂಡುಮಗ ಮನೆಯ ಬಳ್ಳಿ ಬಿಟ್ಟು ಊರವರ ನೀರು ತೊಳೆಯುತ್ತ ಕೂಡುವುದು ನನಗೆ ಸರಿಬರುವುದಿಲ್ಲ. ಈ ಮಾತು ಹಿಂದೆಯೂ ಹೇಳಿದ್ದೇನೆ, ಈಗ ಬರೆದು ಕೊಟ್ಟಿದ್ದೇನೆ.

ಮೈ ಕಾಯ್ದುಕೋ. ಮಲಗುವ ಮೊದಲು ಜಪ ತಪ್ಪಿಸಬೇಡ. ನಿನ್ನ ವೈನಿಗೂ ಆ ಕೂಸಿಗೂ ಎರಡು ಜಪ ಹೆಚ್ಚಿಗೆ ಮಾಡು. ಜಿನೇಶ್ವರ ನಿನ್ನನ್ನು ಚೆನ್ನಾಗಿಡಲಿ.

ನಿನ್ನ ಅವ್ವ,
ಜಿನಮತಿ

ತಾ.ಕ.: ಗುರಪ್ಪ ಬಾಗಿಲಲ್ಲಿ ನಿಂತು ‘ಲಗೂ ಮಾಡ್ರಿ ಆಯಿ, ಡ್ರೈವರ್ ಹಾರ್ನ್ ಹೊಡ್ಯಾಕತ್ತಾನ’ ಎನ್ನುತ್ತಿದ್ದಾನೆ. ಡಬ್ಬಿಯಲ್ಲಿ ಈಗ ಮೂರು ಬಾಟಲಿಗಳಿವೆ. ಕಪ್ಪು ದಾರದ್ದು ನಮ್ಮ ಸೋಸುವ ಬಟ್ಟೆ ಜಾಲಿಸಿದ ನೀರು. ಮೇಲಿನದನ್ನೆಲ್ಲ ಬರೆದು ಮಡಚಿಟ್ಟು, ಇಂದಿನ ತಂಬಿಗೆ ಇಳಿಸಲು ಬಾವಿಗೆ ಹೋಗಿದ್ದೆ. ಹಗ್ಗ ಬಿಡುವ ಮುಂಚೆ ತಂಬಿಗೆಯೊಳಗೆ ನೋಡಿದೆ. ಹೊಳೆಯ ಅದೇ ವಾಸನೆ ಮೂಗಿಗೆ ಬಡಿಯಿತು. ನರ್ಸಿನ ‘ಯಾಕ್ರಿ’ಗೆ ಉತ್ತರ ನನ್ನ ಕೈಯಲ್ಲೇ ಇತ್ತು. ಕಾಂಚನ ಟ್ಯಾಂಕರಿನ ನೀರು ಕುಡಿದಿಲ್ಲ ಎಂದು ಬರೆದೆನಲ್ಲ, ಆ ನೀರಿನ ಕಸವನ್ನೆಲ್ಲ ಓಣಿಯವರು ನನ್ನ ಅಪ್ಪಣೆಯಂತೆ ದಿನಾ ಬೆಳಿಗ್ಗೆ ಅವಳು ಕುಡಿಯುವ ಬಾವಿಗೆ ಇಳಿಸಿದ್ದಾರೆ. ಹಗ್ಗ ಎಳೆದುಕೊಂಡೆ. ನಿನ್ನ ಉತ್ತರಕ್ಕೂ ಭಾನುವಾರಕ್ಕೂ ಕಾಯಲಿಲ್ಲ. ಸತ್ಯಪ್ಪನನ್ನು ನಾನೇ ಕರೆಸಿ ಕೀಲಿ ಕೊಟ್ಟೆ. ಮೊದಲು ಆಮೆಯನ್ನು ಬುಟ್ಟಿಯಲ್ಲಿ ಎತ್ತಿಸಿ ದನಗಳ ನೀರಿನ ತೊಟ್ಟಿಯಲ್ಲಿ ಬಿಟ್ಟಿದ್ದೇನೆ, ಸಿಕ್ಕಷ್ಟು ಮೀನೂ ಅದರಲ್ಲಿವೆ. ಸತ್ಯಪ್ಪ ಪುಡಿ ಸುರಿಯುವಾಗ ಉಳಿದ ಜೀವಗಳಿಗೆ ಬಾವಿಯ ಮುಂದೆ ನಿಂತು ಕೈಮುಗಿದೆ. ಆ ಪಾಪ ನನ್ನ ಹೆಸರಿಗೆ, ನಿನ್ನದಕ್ಕಲ್ಲ. ಕೂಸು ಹೊಟ್ಟೆಯಲ್ಲಿ ಮಿಸುಕುತ್ತಿದೆಯೆಂದು ಈಗಷ್ಟೇ ಅಥಣಿಯಿಂದ ಜೀಪಿನವನು ಸುದ್ದಿ ತಂದ.

ಛಾಟಣಿಗೆ ಆಳು ಹಚ್ಚುತ್ತೇನೆ, ನೀನು ಬರಬೇಡ. ಕಲಿಕೆ ಮುಗಿಸದೆ ಬಂದರೆ ಬಾಗಿಲು ತೆಗೆಯುವುದಿಲ್ಲ. ಸೋಸಿದ್ದನ್ನು ಎಲ್ಲಿ ಬಿಡಬೇಕು ಎಂಬುದನ್ನು ಅಲ್ಲಿ ಯಾರಿಗಾದರೂ ಕೇಳಿ ಸರಿಯಾಗಿ ಕಲಿತುಕೊಂಡು ಬಾ. ಬಂದು ನನಗೆ ಹೇಳು.